ಸಿಂಗಾರಿ ಹೇಗಿದ್ದಾಳೆ?

ಶಂಕರಪುರಂ, ಬೆಂಗಳೂರು
ಬುಧವಾರ, ೧೮ ಜೂನ್ ೨೦೨೫

ರಕ್ಷಿತಾಳ ಅಪ್ಪನಿಗೆ,

ವಾಣಿ ಮಾಡುವ ನಮಸ್ಕಾರ. ಹೇಗಿದ್ದೀರಿ? ಮೊಣಕಾಲಿನ ಬಾವು ಇಳಿಯಿತೆ? ಆ ಮರಿ ಕುದುರೆ ಒದ್ದ ಜಾಗಕ್ಕೆ ಬರೀ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗಬೇಡಿ. ಫಾರಂನ ಕುದುರೆ ಡಾಕ್ಟರಿಗೆ ತೋರಿಸಿದೆ ಎಂದಿರಿ, ಮನುಷ್ಯರ ಡಾಕ್ಟರಿಗೂ ಒಂದು ಸಲ ತೋರಿಸಿ. ಪುಣೆಯ ಕಡೆ ಮಳೆ ಜೋರು ಎಂದು ಟೀವಿಯಲ್ಲಿ ನೋಡಿದೆ. ನಿಮ್ಮ ಕೋಣೆ ಸೋರುತ್ತಿಲ್ಲ ತಾನೆ? ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತೋ, ಇನ್ನೂ ಮುದ್ದೆ ಮುದ್ದೆ ಎಂದು ಕನವರಿಸುತ್ತಿದ್ದೀರೋ? ಕಾಗದ ನೋಡಿ ಗಾಬರಿಯಾಗಬೇಡಿ. ಫೋನಿನಲ್ಲಿ ನೀವು ಹೂಂ ಹೂಂ ಎನ್ನುತ್ತೀರಿ, ನಾನು ಹೇಳಬೇಕೆಂದುಕೊಂಡದ್ದನ್ನು ನುಂಗಿಕೊಳ್ಳುತ್ತೇನೆ. ಒಂದೇ ಕೋಣೆಯ ಈ ಮನೆಯಲ್ಲಿ ಮಾವನ ಕಿವಿಗೆ ಬೀಳದ ಹಾಗೆ ಮಾತಾಡಲು ಬಚ್ಚಲು ಬಿಟ್ಟರೆ ಬೇರೆ ಜಾಗವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ. ನಡುವೆ ಎದ್ದು ಹೋಗಿಬಿಡಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು.

ರಕ್ಷಿತಾಳ ಪರೀಕ್ಷೆ ಮುಗಿಯಿತು. ಚೆನ್ನಾಗಿ ಬರೆದಿದ್ದೇನೆ ಎನ್ನುತ್ತಾಳೆ, ನೋಡೋಣ. ನನಗೆ ಬ್ಲೌಸ್ ಹೊಲಿಗೆ ಕೈತುಂಬ ಇದೆ, ಮದುವೆಯ ದಿನಗಳಲ್ಲವೆ. ಮನೆಯ ಓನರ್ ಭಾಗೀರಥಮ್ಮನವರು ಮೊದಲಿನ ಹಾಗೆ ನಲ್ಲಿಯ ವಿಷಯಕ್ಕೆ ಸಿಡುಕುವುದನ್ನು ಬಿಟ್ಟಿದ್ದಾರೆ. ಮಾವನ ಮೇಲೆ ಅವರಿಗೆ ಒಂದು ತರಹ ಮರ್ಯಾದೆ ಬಂದಿದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ "ಮರಿಯಣ್ಣನವರೇ, ಕಾಫಿ ಆಯ್ತಾ?" ಎಂದು ಕೇಳುತ್ತಾರೆ. ಇಷ್ಟು ಒಳ್ಳೆಯ ಸುದ್ದಿ. ಇನ್ನುಳಿದದ್ದನ್ನು ಎಲ್ಲಿಂದ ಶುರುಮಾಡಲಿ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಮಾವನನ್ನು ಹೊನ್ನಕೆರೆಗೆ ಕರೆದುಕೊಂಡು ಹೋಗಿದ್ದೆ. ನಿಮಗೆ ಹೇಳಿರಲಿಲ್ಲ, ಹೇಳಿದ್ದರೆ ಬೇಡವೆನ್ನುತ್ತಿದ್ದಿರಿ. ಜನವರಿಯಲ್ಲಿ ಅಲ್ಲಿಯ ಫಾರಂ ಮುಚ್ಚಿ ಕುದುರೆಗಳನ್ನು ಪುಣೆಯ ಲಾರಿಗೆ ಹತ್ತಿಸಿದ ವಾರ ಅವರು ಇಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡು ಮಲಗಿದ್ದರಲ್ಲ, ಕಟ್ಟು ಬಿಚ್ಚುವ ಹೊತ್ತಿಗೆ ಫಾರಮ್ಮೂ ಖಾಲಿ, ನಮ್ಮ ಕ್ವಾರ್ಟರ್ಸೂ ಖಾಲಿ. ಹುಟ್ಟಿದ ಜಾಗವನ್ನು ಹೊಸ ಕಣ್ಣಿನಲ್ಲಿ ಒಂದು ಸಲ ನೋಡಬೇಕು ಎಂದು ದಿನಾ ಅನ್ನುತ್ತಿದ್ದರು. ಹೋದೆವು. ಗೇಟಿಗೆ ಬೀಗ. ಪಕ್ಕದಲ್ಲಿ ಟೌನ್‌ಶಿಪ್ಪಿನ ದೊಡ್ಡ ಬೋರ್ಡು, ಅದರಲ್ಲಿ ಈಜುಕೊಳದ ಚಿತ್ರ. ಕಾವಲಿನ ಹುಡುಗನಿಗೆ ಮಾವ, "ನಮ್ಮ ತಾತ ಇಲ್ಲಿ ಅರಸರ ದಂಡಿಗೆ ಕುದುರೆ ಪಳಗಿಸ್ತಿದ್ದ ಕಣಪ್ಪಾ. ನಮ್ಮಪ್ಪ, ನಾನು, ನನ್ನ ಮಗ, ಎಲ್ರೂ ಇಲ್ಲೇ" ಎಂದರು. ಅವನು ಪಾಪ ಮರ್ಯಾದೆಯಿಂದಲೇ, "ಪರ್ಮಿಷನ್ ಇದ್ರೆ ಬಿಡ್ತೀನಿ ತಾತ" ಎಂದ. ಬೇಲಿಯ ಸಂದಿಯಿಂದ ನೋಡಿದೆವು. ಕಲ್ಲಿನ ಲಾಯಗಳ ಹೆಂಚು ತೆಗೆದಿದ್ದರು. ಬಾಗಿಲುಗಳೆಲ್ಲ ಹೋಗಿ, ಸಾಲಾಗಿ ಬಾಯಿ ತೆರೆದುಕೊಂಡ ಹಾಗಿತ್ತು. ನಿಮ್ಮ ಅಮ್ಮ ಕುದುರೆಗಳಿಗೆ ಅಗಸೆ ಬೀಜ ಬೇಯಿಸುತ್ತಿದ್ದ ಹಂಡೆಯ ಒಲೆ ಮಾತ್ರ ಹಾಗೇ ಇತ್ತು, ಅದರೊಳಗೆ ನಾಯಿ ಮಲಗಿತ್ತು.

ಪೇಟೆಯೂ ಬೇರೆಯಾಗಿದೆ. ಬಸ್‌ಸ್ಟ್ಯಾಂಡಿನ ಡರ್ಬಿ ಬೇಕರಿಯಲ್ಲಿ ಟೀ ಕುಡಿದೆವು. ಗೋಡೆಯ ಮೇಲೆ ನಮ್ಮ ಫಾರಂನಲ್ಲಿ ಹುಟ್ಟಿ ಗೆದ್ದ ಕುದುರೆಯ ಫೋಟೋ ಇತ್ತಲ್ಲ, ಅದನ್ನು ತೆಗೆದು ಸೈಟುಗಳ ಪ್ಲಾನು ಅಂಟಿಸಿದ್ದಾರೆ. ಯಜಮಾನ ವೆಂಕಟಪ್ಪ ಮಾವನನ್ನು ನೋಡಿ ಎದ್ದು ಬಂದು ಕೈ ಹಿಡಿದುಕೊಂಡ, ಕಾಸು ತೆಗೆದುಕೊಳ್ಳಲಿಲ್ಲ. ಫೋಟೋ ಕಡೆ ಮಾವ ನೋಡಿದ್ದನ್ನು ಗಮನಿಸಿ, "ಏನ್ಮಾಡ್ಲಿ ಮರಿಯಣ್ಣ, ಮಕ್ಕಳ ಕೆಲಸ" ಎಂದ. ಹುರುಳಿ ಮಂಡಿ ಮುಚ್ಚಿದೆ. ಕುದುರೆಮಸಾಲೆ ಸೊಪ್ಪು ಬೆಳೆದು ಫಾರಮ್ಮಿಗೆ ಹಾಕುತ್ತಿದ್ದವರು ಅದನ್ನು ಕಿತ್ತು ಹಾಕಿ ಹೊಲಕ್ಕೆ ಕಲ್ಲು ನೆಟ್ಟಿದ್ದಾರೆ. ಅರ್ಧ ಊರಿಗೆ ಸೈಟಿನ ರೇಟು ಏರುತ್ತದೆಂಬ ಖುಷಿ, ಇನ್ನರ್ಧಕ್ಕೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದು. ಫಾರಂನ ಗಂಟೆ ಹೊಡೆಯದೆ ಹೋದ ಮೇಲೆ ತನ್ನ ಎಮ್ಮೆ ಹೊತ್ತಿಗೆ ಸರಿಯಾಗಿ ಹಾಲು ಇಳಿಸುವುದಿಲ್ಲ ಎಂದು ನಮಗೆ ಹಾಲು ಹಾಕುತ್ತಿದ್ದ ಶೈಲಜಮ್ಮ ಹೇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಣ್ಣೊರೆಸಿಕೊಂಡೆ. ಮಾವ ನನ್ನನ್ನೇ ಸಮಾಧಾನ ಮಾಡಿದರು: "ಹೋಗ್ಲಿ ಬಿಡಮ್ಮ. ಕಟ್ಟಡ ಯಾವನು ಬೇಕಾದ್ರೂ ಕಟ್ಟಬಹುದು. ಸಿಂಗಾರಿ ವೇಣು ಕೈಯಲ್ಲಿ ಇದಾಳಲ್ಲ, ಅಷ್ಟು ಸಾಕು."

ಅವರಿಗೆ ಸಿಂಗಾರಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಮುಂದಿನದಕ್ಕೆ ಕೈ ಓಡುವುದಿಲ್ಲ. ಅದನ್ನು ಹೆತ್ತ ಗಳಿಗೆಯಲ್ಲೇ ಅದರ ತಾಯಿ ಸತ್ತಿತು. ಮಾವ ಆ ಒದ್ದೆ ಮರಿಯನ್ನು ಗೋಣಿತಾಟಿನಲ್ಲಿ ಸುತ್ತಿ ನಮ್ಮ ಜಗುಲಿಗೇ ತಂದರು. ಆಗ ರಕ್ಷಿತಾ ನನ್ನ ಹೊಟ್ಟೆಯಲ್ಲಿದ್ದಳು, ತಿಂಗಳು ತುಂಬಿತ್ತು. ಅತ್ತೆ ಒಂದು ಕೈಯಲ್ಲಿ ಬಾಣಂತಿಯ ಖಾರ ಅರೆಯುತ್ತಿದ್ದರು, ಇನ್ನೊಂದು ಕೈಯಲ್ಲಿ ಕುದುರೆಮರಿಗೆ ಬಾಟಲಿ ಹಿಡಿಯುತ್ತಿದ್ದರು. ನೀವು ಸರದಿಯ ಮೇಲೆ ಎದ್ದು ಹಾಲು ಕಾಯಿಸುತ್ತಿದ್ದಿರಿ, ಮಗಳಿಗೆ ಎದ್ದದ್ದಕ್ಕಿಂತ ಅದಕ್ಕೆ ಎದ್ದದ್ದೇ ಹೆಚ್ಚು ಎಂದು ನಾನು ಆಡಿಕೊಂಡಿದ್ದೂ ಉಂಟು. ರಿಜಿಸ್ಟರಿನಲ್ಲಿ ಅದಕ್ಕೆ ಏನೋ ಉದ್ದನೆಯ ಇಂಗ್ಲಿಷ್ ಹೆಸರು, ಸಿಂಗಾರಿ ಎಂದು ಕರೆದವರು ಅತ್ತೆ. ಅತ್ತೆ ಹೋದ ಮೇಲೆ ಆ ಹೆಸರನ್ನು ಅವರ ಹಾಗೆ ಎಳೆದು ಕರೆಯುವವರು ಮಾವ ಒಬ್ಬರೇ. ಆಸ್ಪತ್ರೆಯಲ್ಲಿ ಕಣ್ಣಿಗೆ ಕಟ್ಟು ಕಟ್ಟಿಕೊಂಡೇ ಫೋನ್ ಕೇಳಿ ಇಸಿದುಕೊಂಡು ಅವರು ಕೇಳಿದ್ದು ಒಂದೇ ಮಾತು. ನೀವು ಹೇಳಿದಿರಿ, "ಸಿಂಗಾರೀನೂ ನನ್ ಜೊತೆ ಲಾರೀಲೇ ಬರ್ತಿದಾಳೆ ಅಪ್ಪಾ, ನೀನು ಯೋಚನೆ ಮಾಡ್ಬೇಡ." ಕಟ್ಟಿದ ಕಣ್ಣಿನ ಕೆಳಗೇ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ.

ಅಕ್ಷಯ ತದಿಗೆ ಕಳೆದ ವಾರ. ಸಂಜೆ ಮಾವನೂ ನಾನೂ ಗಾಂಧಿಬಜಾರಿನಿಂದ ಸೊಪ್ಪು ತೆಗೆದುಕೊಂಡು ನಡೆದು ಬರುತ್ತಿದ್ದೆವು. ನಮ್ಮ ಬೀದಿ ತಿರುಗುವ ಕಡೆ ಛತ್ರವಿದೆಯಲ್ಲ, ಅಲ್ಲಿಗೆ ದಿಬ್ಬಣ ಬರುತ್ತಿತ್ತು. ಮುಂದೆ ಬ್ಯಾಂಡು, ಹಿಂದೆ ಬಿಳಿಯ ಸಾರೋಟು, ಅದರೊಳಗೆ ಬೆವರುತ್ತ ಕುಳಿತ ಮದುಮಗ. ಕಟ್ಟಿದ್ದ ಕುದುರೆ ಕೆಂಪು. ತಲೆಗೆ ಬಣ್ಣದ ಗರಿ, ಕೊರಳ ಸುತ್ತ ಮಿಣಿಮಿಣಿ ಲೈಟು. "ನೋಡಿ ಮಾವ, ಕುದುರೆ" ಎಂದವಳು ನಾನೇ, ಅವರಿಗೆ ಖುಷಿಯಾಗಲಿ ಎಂದು. ಅವರು ನೋಡಿದರು. ಸೊಪ್ಪಿನ ಚೀಲ ನನ್ನ ಕೈಗೆ ಕೊಟ್ಟರು. ಸಂಜೆ ಬಯಲಿನಿಂದ ಕುದುರೆಗಳನ್ನು ಕರೆಯಲು ನೀವೆಲ್ಲ ನಾಲಿಗೆಯಲ್ಲಿ ಒಂದು ಸದ್ದು ಮಾಡುತ್ತೀರಲ್ಲ, ಅದನ್ನು ಮಾಡಿದರು, ಮೆಲ್ಲಗೆ. ಅಷ್ಟು ಬ್ಯಾಂಡಿನ ಗದ್ದಲದಲ್ಲಿ ಅದು ಹೇಗೆ ಕೇಳಿಸಿತೋ ಕಾಣೆ, ಕುದುರೆಯ ಕಿವಿ ನಿಮಿರಿತು. ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಸಾರೋಟಿನವನು ಹಗ್ಗ ಜಗ್ಗಿದ, ಹಿಂದಿನಿಂದ ಆಟೋಗಳು ಹಾರನ್ ಹೊಡೆದವು. ಅದು ಕದಲಲಿಲ್ಲ. ಮಾವ ಹತ್ತಿರ ಹೋದರು. "ಏ ಅಜ್ಜಾ, ಸೈಡಿಗ್ ಬಾರಪ್ಪಾ, ಒದ್ದುಬಿಟ್ಟಾತು!" ಎಂದು ಸಾರೋಟಿನವನು ಕೂಗಿದ. ಮಾವ, "ಒದೆಯಲ್ಲ. ಇವಳು ಯಾರನ್ನೂ ಒದ್ದವಳಲ್ಲ" ಎಂದರು. ಅದು ತಲೆ ತಗ್ಗಿಸಿ ಅವರ ಕಂಕುಳಲ್ಲಿ ಮೂತಿ ಇಟ್ಟಿತು. ತುದಿ ಹರಿದ ಎಡಗಿವಿಯನ್ನು, ನಮ್ಮ ಸಿಂಗಾರಿಯ ಗುರುತನ್ನು, ಆಗ ನಾನೂ ಕಂಡೆ.

ಸಾರೋಟಿನವರ ಹೆಸರು ನಯಾಜ್. ಚಾಮರಾಜಪೇಟೆಯ ಆಚೆ ಮೈಸೂರು ರಸ್ತೆಯ ಕಡೆಗೆ ಅವರ ಕೊಟ್ಟಿಗೆ. ಮದುಮಗನನ್ನು ಇಳಿಸಿದ ಮೇಲೆ ಛತ್ರದ ಗೋಡೆಯ ಪಕ್ಕ ನಿಂತು ಎಲ್ಲ ಹೇಳಿದರು. "ನಾನ್ ಕದ್ದಿಲ್ಲ ಸ್ವಾಮಿ. ಫಾರಂ ಮುಚ್ಚೋವಾಗ ಕುದುರೆ ಹರಾಜಿಗೆ ನಾನೂ ಬಂದಿದ್ದೆ. ಇದು ಮರಿ ಹಾಕೋದು ನಿಂತಿತ್ತಂತೆ, ಯಾರೂ ಕೂಗ್ಲಿಲ್ಲ. ಉಳಿದಿದ್ದಕ್ಕೆಲ್ಲ ಸಾಯ್ಸೋ ಇಂಜೆಕ್ಷನ್ ಅಂತ ಮೇಲಿನೋರು ತೀರ್ಮಾನ ಮಾಡಿದ್ರು. ವೇಣಣ್ಣ ಅಂತ ಒಬ್ರು ಬಂದು ಕೈ ಹಿಡ್ಕೊಂಡ್ರು. ದುಡ್ಡು ಬೇಡ, ಕರ್ಕೊಂಡ್ಹೋಗಿ, ಗಾಡಿಗೆ ಮಾತ್ರ ಕಟ್ಬೇಡಿ ಅಂದ್ರು. ನಾನೂ ಕಟ್ಟಲ್ಲ ಅಂದಿದ್ದೆ. ನಮ್ ಬಿಳಿ ಕುದುರೆ ಕುಂಟಾಯ್ತು, ಸೀಜನ್ನು, ಏನ್ಮಾಡ್ಲಿ?" ಮಾವ ಬೇರೇನೂ ಕೇಳಲಿಲ್ಲ. ಸಿಂಗಾರಿಯ ಕೊರಳಿನ ಲೈಟನ್ನು ಬಿಚ್ಚುತ್ತ, "ಅವನು ಅತ್ತನಾ?" ಎಂದರು. "ಅತ್ರು ಸ್ವಾಮಿ. ಲಾರಿ ಹಿಂದೆ ನಿಂತ್ಕೊಂಡು ಅತ್ರು" ಎಂದರು ನಯಾಜ್. ಮನೆಗೆ ಬರುವ ದಾರಿಯಲ್ಲಿ ಮಾವ ನನಗೆ ಹೇಳಿದ್ದು ಇಷ್ಟೇ: "ವೇಣೂನ ಫೋನಲ್ಲಿ ಇದನ್ನ ಕೇಳ್ಬೇಡಮ್ಮ. ಅವನಾಗೇ ಹೇಳ್ಲಿ. ಹೇಳ್ತಾನೆ."

ಆ ವಾರ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಸಿಂಗಾರಿಯನ್ನು ಕೊಟ್ಟದ್ದಕ್ಕಲ್ಲ. ಸೂಜಿಗೂ ಸಾರೋಟಿಗೂ ನಡುವೆ ನಿಂತವರಿಗೆ ಇನ್ನೇನು ಮಾಡಲು ಸಾಧ್ಯವಿತ್ತು? ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅಷ್ಟು ದೊಡ್ಡ ದುಃಖವನ್ನು ಒಬ್ಬರೇ ಹೊತ್ತುಕೊಂಡು ಹೋದಿರಲ್ಲ, ನನ್ನ ಹತ್ತಿರವಾದರೂ ಹೇಳಬಹುದಿತ್ತಲ್ಲ ಎಂದು. ಭಾನುವಾರ ನಿಮ್ಮ ಫೋನ್ ಬಂತು. ಮಾವ ಎಂದಿನ ಹಾಗೆ ಕೇಳಿದರು, "ಸಿಂಗಾರಿ ಹೇಗಿದಾಳಪ್ಪಾ?" ನೀವು ಎಂದಿನ ಹಾಗೆ ಹೇಳಿದಿರಿ, "ಚೆನ್ನಾಗಿದಾಳೆ ಅಪ್ಪಾ." ಅಂದು ಬೆಳಿಗ್ಗೆಯಷ್ಟೇ ಅವರು ಅವಳ ಮೈ ಉಜ್ಜಿ ಬಂದಿದ್ದರು, ಕೈಯಲ್ಲಿ ಇನ್ನೂ ಆ ವಾಸನೆ ಇತ್ತು. ಆಮೇಲಿನ ಭಾನುವಾರಗಳಲ್ಲೂ ಅದೇ ಪ್ರಶ್ನೆ. ನೀವು ಒಂದೊಂದು ವಾರ ಒಂದೊಂದು ಸೇರಿಸುತ್ತ ಹೋದಿರಿ. ಅಲ್ಲಿ ತೊರೆಯೊಂದಿದೆ, ಅವಳು ಅಲ್ಲೇ ನೀರು ಕುಡಿಯುತ್ತಾಳೆ. ಬೂದು ಬಣ್ಣದ ಹೆಣ್ಣು ಕುದುರೆಯೊಂದರ ಜೊತೆ ಸ್ನೇಹವಾಗಿದೆ. ನೆರಳಿಗೆ ದೊಡ್ಡ ಮರವಿದೆ. ಕೇಳಿ ಕೇಳಿ ಆ ಬಯಲು ನನ್ನ ಕಣ್ಣಿಗೂ ಕಟ್ಟಿಬಿಟ್ಟಿತು. ಮಾವ ನಿಮ್ಮನ್ನು ಸಿಕ್ಕಿಸಲು ಕೇಳುತ್ತಿದ್ದಾರೆ ಎಂದು ತಿಳಿಯಬೇಡಿ. ಬಾಗಿಲು ತೆರೆದು ಇಡುತ್ತಿದ್ದರು, ನೀವು ಒಳಗೆ ಬರಲಿ ಎಂದು. ಫೋನ್ ಇಟ್ಟ ಮೇಲೆ ನನ್ನ ಕಡೆ ನೋಡಿ, "ಮುಂದಿನ ವಾರ ಹೇಳ್ತಾನೆ" ಎನ್ನುತ್ತಿದ್ದರು.

ಆ ಒಂದು ತಿಂಗಳು ಅವರು ಸುಖವಾಗಿದ್ದರು, ಅದನ್ನೂ ಹೇಳಬೇಕು. ದಿನಾ ಬೆಳಿಗ್ಗೆ ಎದ್ದು ಹುರುಳಿ ಬೇಯಿಸಿಕೊಂಡು, ಡಬ್ಬಿ ಹಿಡಿದು ಚಾಮರಾಜಪೇಟೆಯ ಮೇಲಿಂದ ನಡೆದೇ ಕೊಟ್ಟಿಗೆಗೆ ಹೋಗುತ್ತಿದ್ದರು. "ಏನೇ ವಾಣಿ, ದಿನಾ ಹುರುಳಿ ಸಾರೇನೇ ನಿಮ್ಮನೇಲಿ?" ಎಂದು ಭಾಗೀರಥಮ್ಮ ಮೂಗು ಮುಚ್ಚಿಕೊಂಡು ಕೇಳಿದರು. ವಿಷಯ ತಿಳಿದ ಮೇಲೆ ತಾವೇ ಕ್ಯಾರೆಟ್ ಸೊಪ್ಪು, ಬೀಟ್‌ರೂಟ್ ತೊಟ್ಟು ಎತ್ತಿಟ್ಟು ಕೊಡುತ್ತಿದ್ದರು. ನಯಾಜ್ ಮಾತಿಗೆ ಕಟ್ಟುಬಿದ್ದು ಸಿಂಗಾರಿಯನ್ನು ಸಾರೋಟಿನಿಂದ ಬಿಡಿಸಿದರು, ಮಾವ ಕೇಳಿದ ಮರುದಿನವೇ. ಅವರ ತಾಯಿ ಮಾವನಿಗೆಂದು ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಸಿದ್ದರು. ಒಂದು ದಿನ ನಾನು ಹೋದಾಗ ಮಾವ ಆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಸಿಂಗಾರಿ ಅವರ ತಲೆಯ ಮೇಲೆ ಉಸಿರು ಬಿಡುತ್ತ ನಿಂತಿದ್ದಳು. ಅಕ್ಕಪಕ್ಕ ವರ್ಕ್‌ಶಾಪುಗಳ ಸದ್ದು, ಎದುರಿಗೆ ಮೋರಿ. ಕಾಲು ಚಾಚಿ ಓಡಲು ಅವಳಿಗೆ ನಾಲ್ಕು ಮಾರು ಜಾಗವಿರಲಿಲ್ಲ. ಆದರೂ ಮೈ ಮತ್ತೆ ಮಿರುಗತೊಡಗಿತ್ತು.

ಕಳೆದ ಗುರುವಾರ ಮಧ್ಯಾಹ್ನ ನಯಾಜ್ ಫೋನ್ ಮಾಡಿದರು. ಯಾರೋ ಛತ್ರದ ಎಂಜಲೆಲೆಗಳನ್ನು, ಮಿಕ್ಕ ಅನ್ನವನ್ನು ಕೊಟ್ಟಿಗೆಯ ಹಿಂದೆ ಸುರಿದು ಹೋಗಿದ್ದರಂತೆ. ಹಗ್ಗ ಸಡಿಲವಾಗಿತ್ತು, ಸಿಂಗಾರಿ ತಿಂದುಬಿಟ್ಟಿದ್ದಳು. ನಾನು ಹೊಲಿಗೆ ಬಿಟ್ಟು ಓಡಿದೆ. ಹೊಟ್ಟೆಶೂಲೆ ಬಂದ ಕುದುರೆಯನ್ನು ಮಲಗಲು ಬಿಡಬಾರದು ಎಂದು ಮಾವ ಅವಳನ್ನು ಆ ಸಣ್ಣ ಗಲ್ಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸುತ್ತಿದ್ದರು. ಮಳೆ ಹನಿಯುತ್ತಿತ್ತು. ವರ್ಕ್‌ಶಾಪಿನವರು ಬೈಕುಗಳನ್ನೆಲ್ಲ ಒಳಗೆ ತಳ್ಳಿ ದಾರಿ ಮಾಡಿಕೊಟ್ಟರು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಮೂಗಿಗೆ ನಳಿಕೆ ಹಾಕಿ ನೋಡಿದರು, ತಲೆ ಆಡಿಸಿದರು. ಮಾವನ ಕಾಲು ಸೋತಾಗ ರಕ್ಷಿತಾ ಬಂದು ಹಗ್ಗ ಹಿಡಿದು ನಡೆಸಿದಳು. ಹೊತ್ತು ಇಳಿಯುವಾಗ ಸಿಂಗಾರಿ ತಾನಾಗಿ ಕುಸಿದಳು. ಮಾವ ನೆಲದಲ್ಲಿ ಕುಳಿತು ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅತ್ತೆ ಎಳೆಯುತ್ತಿದ್ದ ಹಾಗೆಯೇ ಹೆಸರು ಎಳೆದು ಕರೆಯುತ್ತಿದ್ದರು. ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ಕರೆದರು.

ಫಾರಂನಲ್ಲಾಗಿದ್ದರೆ ಹುಣಸೆ ತೋಪಿನಲ್ಲಿ ಗುಂಡಿ ತೋಡಿ, ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡುತ್ತಿದ್ದಿರಿ. ಇಲ್ಲಿ ಕಾರ್ಪೊರೇಷನ್ನಿನ ಗಾಡಿ ಬಂತು. ಕಾಲಿಗೆ ಸರಪಳಿ ಹಾಕುವ ಮೊದಲು ಮಾವ ಕೈ ಅಡ್ಡ ಮಾಡಿ, "ಲಾಳ ಬಿಚ್ಚಿ. ನಮ್ಮ ಫಾರಂನ ತಾಯಿ ಕುದುರೆಗಳು ಯಾವತ್ತೂ ಕಬ್ಬಿಣ ಹಾಕ್ಕೊಂಡವಲ್ಲ" ಎಂದರು. ಗಾಡಿಯವನು ಹೊತ್ತಾಯಿತೆಂದು ಗೊಣಗಿದ. ನಯಾಜ್ ಅವನನ್ನು ಸುಮ್ಮನಿರಿಸಿ, ಇಕ್ಕಳ ತಂದು, ಕೆಸರಿನಲ್ಲಿ ಮಂಡಿಯೂರಿ ನಾಲ್ಕೂ ಕಾಲಿನ ಲಾಳ ಕಿತ್ತರು. ಆಮೇಲೆ ಎತ್ತಿ ಹಾಕಿದರು. ಎಲ್ಲಿಗೆ ಒಯ್ದರೆಂದು ನಾವು ಕೇಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಮಾವ ನೋಡುತ್ತಲೇ ಇದ್ದರು. ರಕ್ಷಿತಾ ಅತ್ತಳು, ನಾನೂ ಅತ್ತುಬಿಟ್ಟೆ, ನಯಾಜ್ ಗೋಡೆಗೆ ಮುಖ ಮಾಡಿ ನಿಂತರು. ಮಾವ ಅಳಲಿಲ್ಲ.

ಇಷ್ಟನ್ನು ನಿಮಗೆ ತಿಳಿಸಬೇಕಾಗಿತ್ತು. ನಿಮ್ಮನ್ನು ನೋಯಿಸಬೇಕೆಂದು ಒಂದು ಅಕ್ಷರವನ್ನೂ ಬರೆದಿಲ್ಲ. ರಕ್ಷಿತಾ ನಮಸ್ಕಾರ ತಿಳಿಸಿದ್ದಾಳೆ. ಭಾಗೀರಥಮ್ಮನವರೂ ವಿಚಾರಿಸಿದ್ದಾರೆಂದು ಬರೆಯಲು ಹೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಒದ್ದೆ ಬಟ್ಟೆಯಲ್ಲಿ ಇರಬೇಡಿ. ಅತ್ತೆ ನಿಮ್ಮನ್ನು ಎಲ್ಲಿದ್ದರೂ ಕಾಯಲಿ.

ನಿಮ್ಮ
ವಾಣಿ

ಮರೆತ ಮಾತು: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕಬೇಕು, ಬೇಗ ಬರೆಯುತ್ತೇನೆ. ಮೊನ್ನೆ ಭಾನುವಾರ ನೀವು ಫೋನ್ ಮಾಡಿದಾಗಲೂ ಮಾವ ಕೇಳಿದರಲ್ಲ, ಸಿಂಗಾರಿ ಹೇಗಿದ್ದಾಳೆ ಎಂದು. ಅವಳು ಸತ್ತು ಮೂರು ದಿನವಾಗಿತ್ತು. "ಚೆನ್ನಾಗಿದಾಳೆ ಅಪ್ಪಾ, ಮಳೆ ಬಿದ್ದಿದೆ, ಹಸಿ ಹುಲ್ಲು ತಿಂತಿದಾಳೆ" ಎಂದಿರಿ. "ಒಳ್ಳೇದಾಯ್ತು ಕಣಪ್ಪಾ" ಎಂದು ಅವರು ಫೋನ್ ಇಟ್ಟರು. ಈ ಸಲ ಮುಂದಿನ ವಾರ ಹೇಳುತ್ತಾನೆ ಎನ್ನಲಿಲ್ಲ. "ಅವನಿಗೆ ಯಾವತ್ತೂ ಹೇಳ್ಬೇಡಮ್ಮ. ಅಷ್ಟು ದೂರದಲ್ಲಿ ಒಬ್ನೇ ಅಳ್ತಾನೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ಎದ್ದಿಲ್ಲ, ಗಂಜಿಯನ್ನೂ ಮುಟ್ಟಿಲ್ಲ. ಡಾಕ್ಟರು ಮನೆಗೇ ಬಂದು ನೋಡಿ, ಮಗನಿಗೆ ಹೇಳಿ ಕಳಿಸಿ ಎಂದರು. ಈ ಕಾಗದ ಬರೆದದ್ದು ಅವರಿಗೆ ಗೊತ್ತಿಲ್ಲ. ಭಾನುವಾರ ಫೋನ್ ಮಾಡಬೇಡಿ, ಬನ್ನಿ. ಬಂದು ಅವರ ಪಕ್ಕ ಕುಳಿತು, ಲಾರಿಯ ಹಿಂದೆ ನಿಂತು ಅತ್ತಿರಲ್ಲ, ಅದನ್ನು ಅವರೆದುರು ಅಳಿ. ಆಗಲಾದರೂ ಅವರು ಅತ್ತಾರು.